ಅಕ್ಕನ ಕೈಮಾತಿಗೆ ಬಿದ್ದ ಬೀಗ

ನನ್ನ ಹೊಟ್ಟೆಪಾಡು ನಡೆಯುವುದು ಬಾಯಿಂದ. ಆಟೋದ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು, ಕೈಯಲ್ಲಿ ಮೈಕ್ ಹಿಡಿದು, ಬೀದಿ ಬೀದಿ ಸುತ್ತಿ ಕೂಗುವುದು ನನ್ನ ಕೆಲಸ. ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ ಇರಲಿ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬ ಸುದ್ದಿ ಇರಲಿ, ಯಾರು ಕರೆದರೂ ಹೋಗುತ್ತೇನೆ. ನಮ್ಮ ಬೀದಿಯಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ‘ಮೈಕ್’. ಇಂಥ ನನಗೆ ಅಕ್ಕನಾಗಿ ಹುಟ್ಟಿದವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತು ಬಾರದು. ದೇವರು ಹಂಚುವಾಗ ಕೈತಪ್ಪಿ ಅವಳ ಪಾಲಿನ ಮಾತನ್ನೂ ಇವನಿಗೇ ಸುರಿದುಬಿಟ್ಟ ಎಂದು ಅಮ್ಮ ಬದುಕಿರುವವರೆಗೂ ಹೇಳುತ್ತಿದ್ದಳು.

ಅಕ್ಕ ಕೆಲಸ ಮಾಡುವುದು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲಾಂಡ್ರಿಯಲ್ಲಿ. ಒಗೆಯುವ ಯಂತ್ರ, ಒಣಗಿಸುವ ಯಂತ್ರ, ಹಾಸಿಗೆಯ ಬಟ್ಟೆಗಳನ್ನು ಇಸ್ತ್ರಿ ಮಾಡಿ ಆಚೆ ನೂಕುವ ಉದ್ದನೆಯ ರೋಲರ್, ಎಲ್ಲವೂ ಒಟ್ಟಿಗೆ ಹೊರಟರೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಉಳಿದವರು ಗಂಟಲು ಹರಿದುಕೊಳ್ಳುತ್ತಾರೆ. ಅಕ್ಕನಿಗೆ ಆ ಕಾಟವಿಲ್ಲ. ರೋಲರಿನಿಂದ ಬಿಸಿ ಬಿಸಿಯಾಗಿ ಹೊರಬಂದ ಬಟ್ಟೆಯ ಎರಡು ಮೂಲೆ ಹಿಡಿದು, ಎದುರಿಗೆ ನಿಂತವಳಿಗೆ ಕಣ್ಣಲ್ಲೇ ಹೇಳಿ, ಒಂದು ಸಲ ಒದರಿ ಮಡಿಸಿಬಿಡುತ್ತಾಳೆ. ಸಂಜೆ ಮನೆಗೆ ಬಂದಾಗ ಅವಳ ಮೈಯಿಂದ ಸೋಪಿನ ಪುಡಿಯ ವಾಸನೆ ಬರುತ್ತದೆ.

ಅವಳು ಇರುವುದು ನನ್ನ ಮನೆಯಲ್ಲೇ. ಮನೆಯಲ್ಲಿ ನಮ್ಮದೇ ಒಂದಿಷ್ಟು ಸನ್ನೆಗಳಿವೆ: ಊಟ, ಕೆಲಸ, ಮಲಗು, ಜ್ವರ, ಬಾ, ಬೇಡ. ಹೆಚ್ಚೆಂದರೆ ಇನ್ನೂ ನಾಲ್ಕಾರು. ಚಿಕ್ಕವಳಿದ್ದಾಗಲೇ ನನಗೂ ಒಂದು ಹೆಸರಿಟ್ಟಳು. ಐದೂ ಬೆರಳನ್ನು ಬಾಯಿಯ ಮುಂದೆ ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ ತೋರಿಸುತ್ತಾಳೆ. ಬಾಯಿಬಡುಕ ಎಂದು ಅರ್ಥ. ನನಗೇನೂ ಬೇಜಾರಿಲ್ಲ. ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಅವಳ ಕೆಲಸದ ಜಾಗದಲ್ಲಿ ಅವಳ ಪರವಾಗಿ ಮಾತಾಡಿದವನು ನಾನೇ. ಅಕ್ಕನ ಬಾಯಿಯೇ ನಾನು ಎಂದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಲಾಂಡ್ರಿಯಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳು ಅಕ್ಕನ ಫೋನಿಗೆ ಒಂದು ವಿಡಿಯೊ ಆ್ಯಪ್ ಹಾಕಿಕೊಟ್ಟಳು. ಗಡಿಯಾಚೆಯ ದೇಶದ ಕಂಪನಿಯದು. ಅದರ ತುಂಬ ಅಕ್ಕನಂಥವರೇ ಇದ್ದರಂತೆ. ಕೈಯಲ್ಲಿ ಕತೆ ಹೇಳುವವರು, ನಗಿಸುವವರು, ಸನ್ನೆ ಭಾಷೆಯನ್ನು ಮೊದಲಿನಿಂದ ಕಲಿಸುವವರು. ಅಕ್ಕ ದಿನಾ ಅಡುಗೆಮನೆಯ ಕಟ್ಟೆಗೆ ಫೋನ್ ಒರಗಿಸಿ ಅದರ ಮುಂದೆ ನಿಲ್ಲತೊಡಗಿದಳು. ನಾವು ಅತ್ತ ತಲೆ ಹಾಕಲಿಲ್ಲ. “ಅಕ್ಕನಿಗೂ ಒಂದು ಆಟ ಸಿಕ್ತು ಬಿಡಿ” ಎಂದಳು ನನ್ನ ಹೆಂಡತಿ.

ಅಲ್ಲಿ ಅವಳಿಗೊಬ್ಬ ಗೆಳತಿ ಸಿಕ್ಕಿದ್ದಳು, ಅವಳೂ ಕಿವಿ ಕೇಳಿಸದವಳು, ಗಡಿಯಾಚೆಯವಳು. ಗದ್ದದ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರೆ ಅದೇ ಅವಳ ಹೆಸರು. ಅವಳ ಗದ್ದದಲ್ಲಿ ಒಂದು ಮಚ್ಚೆ ಇದೆ, ಅದಕ್ಕೆ. ಅಕ್ಷರದಲ್ಲಿ ಅವಳ ಹೆಸರೇನು, ಯಾವ ಊರು, ಯಾವ ಬೀದಿ, ಅಕ್ಕನಿಗೆ ಗೊತ್ತಿಲ್ಲ. ಅಕ್ಕ ಓದಿದ್ದೂ ಅಷ್ಟಕ್ಕಷ್ಟೆ. ಇವಳೊಂದು ವಿಡಿಯೊ ಹಾಕಿದರೆ ಅವಳೊಂದು ಹಾಕುವಳು. ಹಾಗೆಯೇ ವರ್ಷಗಟ್ಟಲೆ ನಡೆದಿತ್ತು.

ಅಷ್ಟರಲ್ಲಿ ಗಡಿಯಾಚೆಯವರಿಗೂ ನಮ್ಮ ಸರ್ಕಾರಕ್ಕೂ ಸಂಬಂಧ ಕೆಟ್ಟಿತು. ಒಂದು ಸಂಘದವರು ನನ್ನನ್ನು ಕರೆದು ಆಟೋದ ಬೆನ್ನಿಗೆ ಪೋಸ್ಟರ್ ಅಂಟಿಸಿದರು. ಆ್ಯಪಿನ ಚಿತ್ರ, ಅದರ ಮೇಲೊಂದು ಕೆಂಪು ಗೀಟು. “ಪರದೇಶದ ಆ್ಯಪ್ ತೊಲಗಿಸಿ, ದೇಶ ಉಳಿಸಿ” ಎಂದು ಊರೆಲ್ಲ ಕೂಗಿದೆ. ಅದಾದ ಮೇಲೆ ಕಾಲೇಜಿನ ಹುಡುಗರು ಕರೆದರು. “ಆ್ಯಪ್ ಮುಟ್ಟಿದರೆ ನಮ್ಮ ಸ್ವಾತಂತ್ರ್ಯ ಮುಟ್ಟಿದ ಹಾಗೆ” ಎಂದು ಅದನ್ನೂ ಅದೇ ಗಂಟಲಲ್ಲಿ ಕೂಗಿದೆ. ನಿಜ ಹೇಳಬೇಕೆಂದರೆ ಕೂಗುವಾಗ ಎರಡೂ ಸರಿ ಎನ್ನಿಸುತ್ತಿತ್ತು. ನಮ್ಮ ಮಾತೆಲ್ಲ ಪರದೇಶದವನ ಕೈಗೆ ಯಾಕೆ ಹೋಗಬೇಕು? ಹಾಗಂತ ನಾವು ಏನು ನೋಡಬೇಕು ಎಂದು ಹೇಳುವುದಕ್ಕೆ ಇವರು ಯಾರು? ತಲೆ ಚಿಟ್ಟು ಹಿಡಿದು, ಊಟ ಮಾಡಿ ಮಲಗುತ್ತಿದ್ದೆ. ಅಕ್ಕ ಒಂದು ದಿನ ಆ ಪೋಸ್ಟರಿನತ್ತ ಬೆರಳು ಮಾಡಿ ಹುಬ್ಬೇರಿಸಿದಳು. ಇಷ್ಟೆಲ್ಲ ಹೇಳುವ ಸನ್ನೆ ನನಗೆಲ್ಲಿ ಬರಬೇಕು? “ಕೆಲಸ, ಊಟ” ಎಂದು ಕೈ ಮಾಡಿ ಆಟೋ ಹತ್ತಿದೆ.

ಮರುವಾರ ಅಕ್ಕ ಫೋನ್ ಹಿಡಿದು ನನ್ನ ಮುಂದೆ ನಿಂತಳು. ಅವಳ ವಿಡಿಯೊಗಳೂ ಇಲ್ಲ, ಆ ಗೆಳತಿಯೂ ಇಲ್ಲ. ಕಪ್ಪು ಪರದೆಯ ಮೇಲೆ ಎರಡು ಸಾಲು ಮಾತ್ರ: ನಿಮ್ಮ ದೇಶದಿಂದ ಬಂದ ಕಾನೂನಿನ ಕೋರಿಕೆಯ ಮೇರೆಗೆ ಈ ಖಾತೆಯನ್ನು ನಿಮ್ಮ ದೇಶದಲ್ಲಿ ತಡೆಹಿಡಿಯಲಾಗಿದೆ. ಅಕ್ಕ ಗದ್ದ ತಟ್ಟಿಕೊಂಡಳು, ಮತ್ತೆ ಮತ್ತೆ ತಟ್ಟಿಕೊಂಡಳು. ಫೋನನ್ನು ನನ್ನ ಅಂಗೈಗೆ ಒತ್ತಿದಳು.

“ಹೆಸರು ಹೇಳಿದ್ರೆ ಬೇರೆ ಕಡೆ ಹುಡುಕಬಹುದು” ಎಂದಳು ಹೆಂಡತಿ. ಹೊಸ ಖಾತೆ ತೆರೆದರೂ ಏನೆಂದು ಹುಡುಕುವುದು? ಗದ್ದವನ್ನು ಟೈಪ್ ಮಾಡಲು ಬರುತ್ತದೆಯೇ? ಕಂಪನಿಗೆ ಬರೆದೆವು. ನಿಮ್ಮ ಅನಿಸಿಕೆ ನಮಗೆ ಬಹಳ ಮುಖ್ಯ, ದಯವಿಟ್ಟು ನಿಮ್ಮ ಸರ್ಕಾರವನ್ನು ವಿಚಾರಿಸಿ ಎಂದು ಕ್ಷಣದಲ್ಲಿ ಉತ್ತರ ಬಂತು. ಬರೆದದ್ದು ಮನುಷ್ಯನೋ ಯಂತ್ರವೋ ಅದೂ ತಿಳಿಯಲಿಲ್ಲ.

ಸರ್ಕಾರವನ್ನು ವಿಚಾರಿಸಲು ನಾನೂ ಅಕ್ಕನೂ ಹೋದೆವು. ಮೂರನೆಯ ಮಹಡಿಯ ಕೋಣೆ, ಕಿಟಕಿಗೆ ಹಸಿರು ಪರದೆ, ಮೇಜಿನ ಮೇಲೆ ಆರಿಹೋದ ಚಹಾ. ಸಾಹೇಬರು ಕೆಟ್ಟವರಲ್ಲ, ಕುರ್ಚಿ ತೋರಿಸಿದರು.

“ಸರ್, ನಮ್ಮಕ್ಕನ ಖಾತೆ ಮುಚ್ಚಿಸಿದ್ದು ನೀವಾ?” ಎಂದೆ.

“ಮುಚ್ಚಿಸಿದ್ದೀವಿ ಅಂತ ಹೇಳೋ ಹಾಗಿಲ್ಲ.”

“ಹಾಗಾದ್ರೆ ನೀವು ಮುಚ್ಚಿಸಿಲ್ಲ.”

“ಇಲ್ಲ ಅಂತಲೂ ಹೇಳೋ ಹಾಗಿಲ್ಲಪ್ಪ. ಅದು ಗೋಪ್ಯ.”

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನೋಡಿದ್ದೆ. ಇವರು ದೀಪವಿದೆ ಎಂಬುದನ್ನೂ ಒಪ್ಪಲು ತಯಾರಿರಲಿಲ್ಲ. ಆಮೇಲೆ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಅದರಲ್ಲಿ ಅಕ್ಕನ ಕೊನೆಯ ವಿಡಿಯೊ ಇತ್ತು. ನಮ್ಮ ಅಡುಗೆಮನೆಯ ಕಟ್ಟೆ, ನಮ್ಮದೇ ಪಾತ್ರೆಗಳು.

“ಇಲ್ಲಿ ಕಾಣಲ್ಲ, ಹೊರದೇಶದಲ್ಲಿ ಈಗಲೂ ಕಾಣುತ್ತೆ. ನೋಡಿ, ಧ್ವನಿ ಪೂರ್ತಿ ತೆಗೆದಿದ್ದಾರೆ. ಗಡಿಯಾಚೆ ಇರೋರಿಗೆ ಬರೀ ಕೈಸನ್ನೆ. ಇಂಥ ಹೊತ್ತಲ್ಲಿ ಯಾರಿಗಾದ್ರೂ ಅನುಮಾನ ಬರಲ್ವಾ? ಏನು ಹೇಳ್ತಿದ್ದಾರೆ ಇವರು?”

“ಧ್ವನಿ ತೆಗೆದಿಲ್ಲ ಸರ್. ಇರೋದೇ ಅಷ್ಟು” ಎಂದೆ. ಆಮೇಲೆ ಪರದೆ ನೋಡಿದೆ. ನೋಡಿ ಕಣ್ಣು ಕಣ್ಣು ಬಿಟ್ಟೆ. ಅಕ್ಕನ ಎರಡೂ ಕೈ ಓಡುತ್ತಿದ್ದವು, ಹುಬ್ಬು ಕುಣಿಯುತ್ತಿತ್ತು, ಕೆನ್ನೆ ಉಬ್ಬುತ್ತಿತ್ತು, ಯಾರನ್ನೋ ಅಣಕಿಸುತ್ತಿದ್ದಳು. ಈ ಅಕ್ಕನನ್ನು ನಾನು ಯಾವತ್ತೂ ನೋಡಿರಲಿಲ್ಲ. ‘ಕೆಲಸ’ ಒಂದು ಸಲ ಸಿಕ್ಕಿತು, ‘ಊಟ’ ಒಂದು ಸಲ, ‘ಜ್ವರ’ ಒಂದು ಸಲ. ಉಳಿದದ್ದರ ತಲೆಬುಡ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವಳ ಬಾಯಿಯಾಗಿದ್ದವನಿಗೆ ಅವಳ ಮಾತೇ ಬರುತ್ತಿರಲಿಲ್ಲ.

“ಬಟ್ಟೆ ಮಡಿಸೋದು ಹೇಳಿಕೊಡ್ತಿದ್ದಾಳೆ ಸರ್” ಎಂದೆ.

“ಇಷ್ಟು ಕೋಪದಲ್ಲಾ?” ಎಂದರು ಸಾಹೇಬರು. “ಅದಿರಲಿ, ಬಾಯಿ ಹತ್ರ ಕೈ ತಂದು ಹೀಗೆ ಹೀಗೆ ಮಾಡ್ತಾರಲ್ಲ, ಅದು ಪದೇ ಪದೇ ಬರುತ್ತೆ. ಏನದು?”

ಅದು ನಾನು ಎನ್ನುವುದಕ್ಕೆ ನಾಲಗೆ ಹೊರಳಲಿಲ್ಲ. ನನ್ನ ಕುತ್ತಿಗೆಗೇ ಬಂದರೆ ಎಂದು ಹೆದರಿಕೆ. ಹಲ್ಲು ಕಿರಿದೆ. ಅಕ್ಕ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಸನ್ನೆ ಭಾಷೆ ಬಲ್ಲವರನ್ನು ಕರೆಸುತ್ತೇವೆ, ಶುಕ್ರವಾರ ಬನ್ನಿ ಎಂದು ಕಳಿಸಿದರು.

ಶುಕ್ರವಾರ ಆ ಕೋಣೆಯಲ್ಲಿ ಇನ್ನೊಬ್ಬರು ಕೂತಿದ್ದರು, ಕಿವುಡ ಮಕ್ಕಳ ಶಾಲೆಯ ಟೀಚರಮ್ಮ. ಅವರು ಅಕ್ಕನ ಕಡೆ ತಿರುಗಿ ಕೈಯಲ್ಲಿ ಏನೋ ಕೇಳಿದರು. ಅಕ್ಕ ಬಡಬಡ ಉತ್ತರಿಸಿದಳು. ಇಬ್ಬರೂ ನಕ್ಕರು. ಏನೆಂದು ತಿಳಿಯದೆ ನಾನೂ ಒಂದಿಷ್ಟು ನಕ್ಕೆ.

ವಿಡಿಯೊ ಹಾಕಿದರು. ಟೀಚರಮ್ಮ ಅರ್ಧಕ್ಕೇ ನಿಲ್ಲಿಸಿದರು. “ಉಳಿದದ್ದು ಗೊತ್ತಾಗುತ್ತೆ ಸರ್. ಬಾಯಿ ಹತ್ರದ ಈ ಸನ್ನೆ ಮಾತ್ರ ನಮ್ಮ ಭಾಷೆಯಲ್ಲಿಲ್ಲ. ಇದು ಇವರೇ ಮಾಡಿಕೊಂಡಿರೋದು.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. “ಅಂದ್ರೆ, ಸಂಕೇತ?”

ಇನ್ನು ಸುಮ್ಮನಿದ್ದರೆ ಅಕ್ಕ ಸಿಕ್ಕಿಹಾಕಿಕೊಳ್ಳುತ್ತಾಳೆ. “ಅದು ನಾನು ಸರ್” ಎಂದೆ. “ನನ್ನ ಹೆಸರು. ಬಾಯಿಬಡುಕ ಅಂತ.”

ಟೀಚರಮ್ಮ ನನ್ನನ್ನೊಮ್ಮೆ ನೋಡಿ, ವಿಡಿಯೊವನ್ನು ಮೊದಲಿನಿಂದ ಹಾಕಿಸಿ, ಅಕ್ಕನ ಮಾತನ್ನು ನಿಧಾನವಾಗಿ ಹೇಳುತ್ತಾ ಹೋದರು.

“‘ಬಾಯಿಬಡುಕ ಇವತ್ತೂ ಆ ಚಿತ್ರ ಅಂಟಿಸಿಕೊಂಡು ಹೋದ. ನಮ್ಮ ಆ್ಯಪಿನ ಮೇಲೆ ಕೆಂಪು ಗೀಟು. ಯಾಕೆ ಅಂತ ಕೇಳಿದೆ. ಕೆಲಸ, ಊಟ ಅಂದ. ಅವನಿಗೆ ಬರೋದೇ ಅಷ್ಟು. ಒಳ್ಳೆಯವನು. ನನಗೆ ಜ್ವರ ಬಂದ್ರೆ ಪಕ್ಕದಿಂದ ಏಳಲ್ಲ. ಆದ್ರೆ ಜನ ನನ್ನನ್ನ ಏನು ಕೇಳಬೇಕಾದ್ರೂ ಬಾಯಿಬಡುಕನ ಮುಖ ನೋಡ್ತಾರೆ, ಬಾಯಿಬಡುಕ ಹೇಳಿಬಿಡ್ತಾನೆ. ನನಗೆ ಚಳಿ ಆಗ್ತಿದೆಯಾ ಇಲ್ವಾ ಅನ್ನೋದನ್ನೂ ಬಾಯಿಬಡುಕನೇ ಹೇಳ್ತಾನೆ. ಈ ಮನೇಲಿ ನಾನು ಯಾರ ಜೊತೆನೂ ಇದುವರೆಗೆ ಜಗಳ ಆಡಿಲ್ಲ. ಜಗಳಕ್ಕೂ ಮಾತು ಬೇಕಲ್ಲ. ಜಗಳ ಆಡೋಕೆ ಸಿಕ್ಕಿದವಳು ನೀನೊಬ್ಬಳೇ. ನಿನ್ನೆ ನೀನು ಬೈದದ್ದು ತಪ್ಪು. ನಾಳೆ ಬಂದು ಸರಿಯಾಗಿ ಬೈಯಿ.’ ಇಷ್ಟೇ ಸರ್.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ನನಗೆ ಯಾರ ಮುಖ ನೋಡುವುದಕ್ಕೂ ಆಗಲಿಲ್ಲ. ಅಳುವೇ ಬಂತು, ಅದನ್ನು ಕೆಮ್ಮು ಮಾಡಿ ಕೆಮ್ಮಿದೆ. ಸಿಟ್ಟೂ ಬಂತು. ಇಷ್ಟು ವರ್ಷ ಯಾರಿಗೋಸ್ಕರ ಬಾಯಿ ಒಣಗಿಸಿಕೊಂಡೆ? ಆ ಸಿಟ್ಟು ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

“ಹಾಗಾದ್ರೆ ಈಗ ತೆರೀತೀರಲ್ಲ ಸರ್?”

“ತೆರೀರಿ ಅಂತ ನಾವು ಬರೆದ್ರೆ, ಮುಚ್ಚಿಸಿದ್ದು ನಾವೇ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಕಂಪನಿಯವರೇ ತೆರೀಬೇಕು.”

“ಅವರು ನಿಮ್ಮನ್ನ ಕೇಳಿ ಅಂತಾರೆ.”

“ಅವರೂ ಪಾಪ ಇಲ್ಲಿ ವ್ಯಾಪಾರ ಮಾಡಬೇಕಲ್ಲ. ಒಂದು ಮುಚ್ಚಿ ಅಂದ್ರೆ ಹತ್ತು ಮುಚ್ಚಿ ಕೈತೊಳೆದುಕೊಳ್ತಾರೆ. ನಿಮ್ಮಕ್ಕನದು ಆ ಒಂದರಲ್ಲಿದ್ಯೋ ಉಳಿದ ಒಂಬತ್ತರಲ್ಲಿದ್ಯೋ, ನನಗೂ ಗೊತ್ತಿಲ್ಲ ಕಣಪ್ಪ.”

ನಮ್ಮ ಮಾತನ್ನೂ, ವಿಡಿಯೊ ಹೊರದೇಶದಲ್ಲಿ ಈಗಲೂ ಕಾಣುತ್ತದೆ ಎಂಬುದನ್ನೂ ಟೀಚರಮ್ಮ ಅಕ್ಕನಿಗೆ ಕೈಯಲ್ಲಿ ತಿಳಿಸಿದರು. ಅಕ್ಕ ಮೇಜು ತಟ್ಟಿದಳು. ಅವಳ ಕೈ ಹೇಳಿದ್ದನ್ನು ಟೀಚರಮ್ಮ ಬಾಯಲ್ಲಿ ಹೇಳಿದರು. “‘ನನ್ನ ವಿಡಿಯೊ ಅವಳಿಗೆ ಅಲ್ಲಿ ಕಾಣುತ್ತೆ. ಅವಳು ಬಂದು ಬೈದಿರ್ತಾಳೆ, ನನಗೆ ಕಾಣಲ್ಲ. ನಾನು ಕೋಪ ಮಾಡಿಕೊಂಡು ಹೋದೆ ಅಂತ ಅಂದ್ಕೊಂಡಿರ್ತಾಳೆ. ಹಾಗಲ್ಲ ಅಂತ ಅವಳಿಗೆ ಯಾರು ಹೇಳ್ತಾರೆ?’”

ಸಾಹೇಬರು ತಿರುಗಿ ನನ್ನ ಮುಖ ನೋಡಿದರು.

“ನನ್ನನ್ನ ಯಾಕೆ ನೋಡ್ತೀರಿ ಸರ್?” ಎಂದೆ. ದನಿ ಎತ್ತರವಾಯಿತು. “ಕೇಳಿದ್ದು ಅವಳು. ಅವಳಿಗೇ ಹೇಳಿ.”

ಸಾಹೇಬರು ಅಕ್ಕನ ಕಡೆ ತಿರುಗಿದರು. ಒಂದೊಂದೇ ಅಕ್ಷರ ಬಿಡಿಸಿ, ದೂರದಲ್ಲಿರುವವರನ್ನು ಕೂಗುವ ಹಾಗೆ, “ಗೊತ್ತಿಲ್ಲಮ್ಮಾ” ಎಂದರು. ಟೀಚರಮ್ಮ ಕೈ ಎತ್ತುವ ಮೊದಲೇ ಅಕ್ಕ ಎದ್ದು ನಿಂತಿದ್ದಳು.

ಸನ್ನೆ ಭಾಷೆಯ ನಮ್ಮ ಜನರಲ್ಲಿ ಆ ಗೆಳತಿಯ ಬಗ್ಗೆ ವಿಚಾರಿಸಿ ನೋಡುತ್ತೇನೆ, ಆದರೆ ಗದ್ದದಲ್ಲಿ ಮಚ್ಚೆ ಇರುವವರು ಎಲ್ಲ ಊರಲ್ಲೂ ಇರುತ್ತಾರೆ ಎನ್ನುತ್ತಾ ಟೀಚರಮ್ಮ ನಮ್ಮ ಜೊತೆಗೇ ಮೆಟ್ಟಿಲಿಳಿದರು. ಹೊರಗೆ ಆಟೋ ನಿಂತಿತ್ತು. ಬೆನ್ನಿನ ಪೋಸ್ಟರನ್ನು ಅಕ್ಕನ ಖಾತೆ ಮುಚ್ಚಿದ ದಿನವೇ ಕಿತ್ತಿದ್ದೆ, ಕೆಂಪು ಗೀಟಿನ ಒಂದು ತುಂಡು ಇನ್ನೂ ಅಂಟಿಕೊಂಡಿತ್ತು. ಅಕ್ಕ ಅದರ ಮೇಲೆ ಬೆರಳಿಟ್ಟಳು. ನನ್ನ ಕಡೆ ತಿರುಗಿದಳು. ಆಮೇಲೆ ಅವಳ ಎರಡೂ ಕೈ ಹೊರಟವು. ಆ ವಿಡಿಯೊದಲ್ಲಿದ್ದ ಅಕ್ಕನೇ ನನ್ನ ಮುಂದೆ ನಿಂತಿದ್ದಳು, ಅದೇ ಹುಬ್ಬು, ಅದೇ ಕೆನ್ನೆ. ದಾರಿಹೋಕರು ನಿಂತು ನೋಡಿದರು.

“ಏನಂತೆ ಅಂತ ಹೇಳ್ಲಾ?” ಎಂದರು ಟೀಚರಮ್ಮ.

ನಾನು ಹೂಂ ಎನ್ನುವಷ್ಟರಲ್ಲಿ ಅಕ್ಕ ಕೈ ಅಡ್ಡ ಹಿಡಿದು ಅವರನ್ನು ತಡೆದಳು. ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಅದನ್ನೇ ಇನ್ನೊಮ್ಮೆ, ನಿಧಾನವಾಗಿ ಹೇಳಿದಳು. ನನಗೆ ತಿಳಿಯಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು.