ಹೆಸರಿಲ್ಲದ ನೀರು

ನಮ್ಮ ಓಣಿಯ ಯಾವ ಹೆಣ್ಣೂ ಜಂಫೀರಕ್ಕನ ಕೈಯ ರಜಾಯಿ ಇಲ್ಲದೆ ಗಂಡನ ಮನೆಗೆ ಹೋದದ್ದಿಲ್ಲ. ಕುರಿಯ ಉಣ್ಣೆ ತೊಳೆದು, ಬಿಡಿಸಿ, ಹೊಳೆಯುವ ಬಟ್ಟೆಯೊಳಗೆ ಹರಡಿ, ದಪ್ಪ ಸೂಜಿಯಿಂದ ಹೂಬಳ್ಳಿ ಹಾಕುತ್ತಿದ್ದಳು. ರಜಾಯಿ ಎಷ್ಟು ಮೆತ್ತಗೋ ನಾಲಿಗೆ ಅಷ್ಟೇ ಚುರುಕು. ನನ್ನ ಮದುವೆಯ ರಜಾಯಿ ಕೊಡುವಾಗ, "ತಗೋ ರೂತ್ಸಾ, ಇದು ನಲವತ್ತು ವರ್ಷ ಬಾಳುತ್ತೆ. ಆ ನಿನ್ನ ಹುಡುಗನ ವಿಷಯ ಮಾತ್ರ ನನ್ನ ಕೇಳ್ಬೇಡ" ಅಂದಿದ್ದಳು. ರಜಾಯಿ ಇವತ್ತಿಗೂ ಇದೆ. ಹುಡುಗ ಮೂರನೇ ವರ್ಷಕ್ಕೇ ಜಾಗ ಖಾಲಿ ಮಾಡಿದ.

ಅವಳ ಗಂಡ ಪರ್ವು ಪೀಪಾಯಿ ಮಾಡುವವನು. ಪ್ಲಮ್ ಹಣ್ಣಿನ ಸಾರಾಯಿ ಇಳಿಸುವ ಮನೆಗಳೆಲ್ಲ ಅವನ ದಾರಿ ಕಾಯುತ್ತಿದ್ದವು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಎಂಟು "ಜಂಫೀರಾ" ಅನ್ನುವುದೇ. ಮಕ್ಕಳಾಗಲಿಲ್ಲ. ಮೂವತ್ತಾರು ವರ್ಷ ಅವಳು ಬೈದಳು, ಅವನು ನಕ್ಕ. ಅವರಷ್ಟು ಚೆನ್ನಾಗಿ ಸಂಸಾರ ಮಾಡಿದವರನ್ನು ನಾನಂತೂ ಕಂಡಿಲ್ಲ. ಹೋದ ವರ್ಷ ಪ್ಲಮ್ ಕೀಳುವ ದಿನಗಳಲ್ಲಿ, ಒಂದು ಮಧ್ಯಾಹ್ನ, ಅಂಗಳದ ಬಾವಿಯ ಹತ್ತಿರ ಕುಸಿದವನು ಮತ್ತೆ ಮೇಲೇಳಲಿಲ್ಲ.

ಮಣ್ಣಾದ ಮರುದಿನದಿಂದ ಜಂಫೀರಕ್ಕನ ಗೇಟಿಗೆ ಒಳಗಿನಿಂದ ಚಿಲಕ ಬಿತ್ತು. ಸೂಜಿ ಮುಟ್ಟಲಿಲ್ಲ. ನಾವು ಗೇಟಿನ ಬಳಿ ಇಟ್ಟು ಬಂದ ಹುಳಿ ಸಾರು, ಜೋಳದ ಮುದ್ದೆ ಇಟ್ಟಲ್ಲೇ ಇರುತ್ತಿದ್ದವು. ಬೈಯಲಿಕ್ಕಾದರೂ ಹೊರಗೆ ಬರಲಿ ಎಂದು ಅವಳ ಬೇಲಿಗೆ ನನ್ನ ಒದ್ದೆ ಚಾಪೆ ಒಣಹಾಕಿದೆ. ಬೈಯಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಆದರೆ ನೀರು ಹೊರುವುದನ್ನು ಬಿಡುವಂತಿರಲಿಲ್ಲ. ಸತ್ತವರಿಗೆ ಅಲ್ಲಿ ಬಾಯಾರುತ್ತದೆ. ನಲವತ್ತನಾಲ್ಕು ದಿನ, ದಿನಕ್ಕೊಂದು ಬಕೆಟ್ ನೀರನ್ನು ನೆರೆಮನೆಗೆ ಹೊತ್ತು ಕೊಡಬೇಕು. ನಾವಿಲ್ಲಿ ಕುಡಿದದ್ದು ಅವರಿಗಲ್ಲಿ ಸೇರುತ್ತದೆ. ಮನೆಯಲ್ಲಿ ಹೊರಲು ಬೇರೆ ಹೆಣ್ಣುಮಕ್ಕಳಿಲ್ಲದ ಕಾರಣ ಜಂಫೀರಕ್ಕ ತಾನೇ ಹೊತ್ತಳು. ಬೆಳಕು ಹರಿಯುತ್ತಲೇ ಕಪ್ಪು ರುಮಾಲು ಕಟ್ಟಿಕೊಂಡು ಬರುವಳು, ಓಣಿಯ ಐದು ಮನೆಗಳಿಗೆ ಸರದಿಯ ಮೇಲೆ. ಬಕೆಟ್ ಇಳಿಸಿ, ಲೋಟ ತುಂಬಿ ಕೊಟ್ಟು, ಕಣ್ಣು ನೆಲಕ್ಕೆ ನೆಟ್ಟು ನಿಲ್ಲುವಳು. ನಾವು ಕುಡಿದು "ದೇವರು ಅವನನ್ನ ಕ್ಷಮಿಸಲಿ" ಅನ್ನುವೆವು. ಅವಳು ಹೊರಟುಹೋಗುವಳು.

ಇಪ್ಪತ್ತನೆಯ ದಿನ ಭಾನುವಾರ. ಇಗರ್ಜಿಯ ಮುಂದಿನ ಬೆಂಚಿನ ಮೇಲೆ ನಮ್ಮ ಓಣಿಯ ಸ್ತಾಂಕಜ್ಜಿ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಎಂಬತ್ತಮೂರು ವರ್ಷ, ಊರಿನ ಸಾವಿನ ಶಾಸ್ತ್ರಗಳೆಲ್ಲ ಅವಳ ಬೆರಳ ತುದಿಯಲ್ಲಿ.

"ಅಲ್ಲ ಕಣೇ, ನೀರು ಕೊಡುವಾಗ ನಿಮ್ಮನೇಲಿ ಅವಳು ಹೆಸರು ಹೇಳ್ತಾಳಾ? 'ಇದು ಪರ್ವುಗೆ' ಅಂತ?"

"ಇಲ್ವಲ್ಲ ಅಜ್ಜಿ. ನಾನು ಬಾಯಿಬಡುಕಿ ಅಂತ ನಮ್ಮನೇಲಿ ಮಾತ್ರ ಹೇಳ್ತಿಲ್ಲ ಅಂದ್ಕೊಂಡಿದ್ದೆ."

ಉಳಿದ ಮನೆಯವರನ್ನೂ ಕೇಳಿದೆವು. ಎಲ್ಲಿಯೂ ಹೇಳಿರಲಿಲ್ಲ. ಪಕ್ಕದ ಮನೆಯಲ್ಲಿ ಹೇಳಿರುತ್ತಾಳೆ ಎಂದು ಪ್ರತಿಯೊಬ್ಬರೂ ಸುಮ್ಮನೆ ಕುಡಿದಿದ್ದೆವು. ಸ್ತಾಂಕಜ್ಜಿಯ ಮುಖ ಬಿಳಿಚಿಕೊಂಡಿತು.

"ಹೆಸರಿಲ್ದೆ ಕೊಟ್ಟ ನೀರು ಯಾರಿಗೆ ಸೇರುತ್ತೆ? ಇಪ್ಪತ್ತು ದಿನದಿಂದ ಆ ಬಡಪಾಯಿ ಗಂಟಲು ಒಣಗಿಸ್ಕೊಂಡು ಕೂತಿದಾನಲ್ಲೇ! ಹೋಗು, ಕೇಳ್ಕೊಂಡು ಬಾ. ನಿಂಗೆ ಹೇಗೂ ನಾಚಿಕೆ ಇಲ್ಲ, ನೀನೇ ಸರಿ."

ಗೇಟು ತೆರೆಯುವುದಿಲ್ಲ ಎಂದು ಗೊತ್ತಿತ್ತು. ಈ ವಯಸ್ಸಿನಲ್ಲಿ ಬೇಲಿ ಹಾರಿದೆ, ಲಂಗ ಹರಿದುಕೊಂಡೆ. ಜಂಫೀರಕ್ಕ ಜಗಲಿಯ ಮೇಲೆ ಬರಿಗೈಯಲ್ಲಿ ಕೂತಿದ್ದಳು. ಸುತ್ತಿಬಳಸಿ ಮಾತಾಡಲು ನನಗೆ ಬರುವುದಿಲ್ಲ, ನೇರ ಕೇಳಿಯೇಬಿಟ್ಟೆ. ಅವಳು ಬಾವಿಯ ಕಡೆ ನೋಡಿದಳು. ಆಮೇಲೆ ಅಂದಳು:

"ಬಾಯಿಗೆ ಬರಲ್ಲ ರೂತ್ಸಾ. ಅವತ್ತು ರಜಾಯಿ ಹೊಲೀತಿದ್ದೆ. ಬಿಸಿಲಲ್ಲಿ ಬಂದ. 'ಜಂಫೀರಾ, ಒಂದು ಲೋಟ ನೀರು ಕೊಡ್ತೀಯಾ' ಅಂದ. 'ಕೈ ಬಿದ್ದು ಹೋಗಿದ್ಯಾ, ಬಾವಿ ಅಲ್ಲೇ ಇದೆ, ಸೇದ್ಕೊಂಡು ಕುಡಿ' ಅಂದೆ. ತಲೆ ಎತ್ತಿ ನೋಡ್ಲೂ ಇಲ್ಲ. ಅವನು ನಕ್ಕಿದ್ದು ಕೇಳಿಸ್ತು. ಹೋದ. ಕುಡಿಯೋಕೆ ಮುಂಚೆನೇ ಬಿದ್ದ. ಈಗ ಯಾವ ಮುಖ ಇಟ್ಕೊಂಡು ಅವನ ಹೆಸರಲ್ಲಿ ನೀರು ಹಂಚಲಿ? ನೀವೆಲ್ಲ ಅವನನ್ನ ಕ್ಷಮಿಸಲಿ ಅಂತೀರಿ. ಅವನೇನು ಮಾಡಿದಾನೆ?"

ಅವಳ ಪಕ್ಕದಲ್ಲಿ ಕೂತು ಅತ್ತೆ, ಅಷ್ಟೇ. ಯಾರಿಗೂ ಹೇಳಬೇಡ ಎಂದು ಅವಳು ಹೇಳಲಿಲ್ಲ. ಹೇಳಿದ್ದರೂ ನಾನು ಸ್ತಾಂಕಜ್ಜಿಗೆ ಹೇಳುತ್ತಿದ್ದೆ.

ಮರುದಿನ ಬೆಳಗ್ಗೆ ಜಂಫೀರಕ್ಕ ಬಕೆಟ್ ಎತ್ತಿಕೊಳ್ಳುವ ಮೊದಲೇ ನಾವು ಐದು ಮನೆಯ ಹೆಂಗಸರು ಅವಳ ಗೇಟಿನ ಮುಂದೆ ನಿಂತಿದ್ದೆವು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಂಬಿದ ಬಕೆಟ್. ಸ್ತಾಂಕಜ್ಜಿ ಊರುಗೋಲಿನಿಂದ ಗೇಟು ಕುಟ್ಟಿದಳು.

"ತೆಗಿಯೇ! ಸತ್ತವರ ನೀರು ತಂದಿದೀವಿ. ಬೇಡ ಅನ್ನೋ ಹಾಗಿಲ್ಲ, ಗೊತ್ತಲ್ಲ?"

ಅದೊಂದನ್ನು ನಮ್ಮಲ್ಲಿ ಯಾರೂ ನಿರಾಕರಿಸುವುದಿಲ್ಲ, ಜಗಳವಾಡಿದವರ ಮನೆಯದಾದರೂ ಸರಿ. ಚಿಲಕ ಸರಿಯಿತು.

ಅಜ್ಜಿ ಲೋಟ ತುಂಬಿ ಚಾಚಿದಳು. "ಇದು ನನ್ನ ಗಂಡ ಒಪ್ರಿಯಾಗೆ. ಕೊನೇ ದಿನ ದಿಂಬು ಸರಿಮಾಡು ಅಂದ. 'ಸಾಯೋ ತನಕ ನಿನ್ನ ಕಾಟ ತಪ್ಪಲ್ಲ' ಅಂದೆ. ಸಂಜೆಗೆಲ್ಲ ತಪ್ಪಿಸ್ದ. ಮೂವತ್ತು ವರ್ಷ ಆಯ್ತು, ಯಾರಿಗೂ ಹೇಳಿರ್ಲಿಲ್ಲ. ಕುಡಿ."

ಜಂಫೀರಕ್ಕ ಅವಳನ್ನೇ ನೋಡುತ್ತ ಕುಡಿದಳು. "ದೇವರು ಅವನನ್ನ ಕ್ಷಮಿಸಲಿ" ಅಂದಳು.

"ನನ್ನನ್ನೂ ಅಂತ ಸೇರ್ಸು. ಪುಕ್ಕಟೆ ತಾನೇ."

"ನಿನ್ನನ್ನೂ."

ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಮ್ಮವರ ಹೆಸರು ಹೇಳಿ ಲೋಟ ಚಾಚಿದರು. ಮೂರನೆಯವಳು ಅನೀಕಾ. "ನಂದು ಅಂಥದ್ದೇನೂ ಇಲ್ಲ ಅಕ್ಕಾ, ನಮ್ಮ ಮಾವನ ಜೊತೆ ನಾನು ಚೆನ್ನಾಗೇ ಇದ್ದೆ" ಎಂದಳು. "ಸುಳ್ಳಿ, ನಿಮ್ಮ ಜಗಳ ಇಗರ್ಜಿ ತನಕ ಕೇಳ್ತಿತ್ತು" ಎಂದು ಸ್ತಾಂಕಜ್ಜಿ ಗದರಿದಳು. ಜಂಫೀರಕ್ಕನ ತುಟಿಯ ಅಂಚು ಅಲುಗಿದ್ದನ್ನು ನಾನು ನೋಡಿದೆ.

ಕೊನೆಗೆ ನನ್ನ ಸರದಿ. "ಇದು ನನ್ನಮ್ಮನಿಗೆ" ಎಂದೆ. "ಒಳಗಿಂದ ಮೂರು ಸಲ ಕರೆದಳು. ನಾನು ತಲೆಗೆ ಬಣ್ಣ ಹಚ್ಕೊಳ್ತಿದ್ದೆ. 'ಬಂದೆ, ಬಂದೆ' ಅಂದೆ. ಹೋಗ್ಲಿಲ್ಲ." ನನಗೆ ಅಳು ಬಂತು. ಜಂಫೀರಕ್ಕ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಕುಡಿದಳು, ರುಮಾಲಿನ ತುದಿಯಿಂದ ನನ್ನ ಮುಖ ಒರೆಸಿದಳು.

"ನಿನ್ನ ತಲೆಗೂದಲಿಗೆ ಬಣ್ಣ ಒಂದು ಕೇಡು" ಅಂದಳು. ಎಷ್ಟು ದಿನವಾಗಿತ್ತು ಆ ಬೈಗುಳ ಕೇಳಿ!

ಆಮೇಲೆ ಅವಳು ಬಾವಿಯ ಹತ್ತಿರ ಹೋದಳು. ನಾವು ಯಾರೂ ಹಿಂದೆ ಹೋಗಲಿಲ್ಲ. ಸೇದಿ, ಬಕೆಟ್ ತುಂಬಿ, ನಮ್ಮ ಮುಂದೆ ತಂದಿಟ್ಟಳು. ಲೋಟ ಅದ್ದಿ ನನಗೆ ಚಾಚಿದಳು. ಅರ್ಧ ನೀರು ನನ್ನ ಕಾಲ ಮೇಲೆ ಚೆಲ್ಲಿತು. ಬಾಯಿ ತೆರೆದಳು, ಮುಚ್ಚಿದಳು. ಸ್ತಾಂಕಜ್ಜಿ ಕೂಡ ಬಾಯಿ ಬಿಗಿಹಿಡಿದು ಕಾದಳು.

"ಇದು ಪರ್ವುಗೆ" ಅಂದಳು. "ನನ್ನ ಪರ್ವುಗೆ."

ನಾನು ಒಂದೇ ಗುಟುಕಿಗೆ ಕುಡಿದೆ. ಇನ್ನೊಂದು ಲೋಟ ಕೊಡು ಎಂದೆ. ಅದೂ ಮುಗಿಯಿತು, ಮತ್ತೊಂದು ಎಂದೆ. ಹೊಟ್ಟೆ ಬಿರಿಯುವಷ್ಟು ಕುಡಿದೆ. ಪಾಪ, ಅವನು ಇಪ್ಪತ್ತು ದಿನದಿಂದ ಕಾಯುತ್ತಿದ್ದ.