ನಾನು ಫೇಲ್ ಮಾಡಿದ ಮೂರು ಬ್ಯಾಟರಿಗಳು

ಸಿಲ್ವೆಸ್ಟರ್ ಮೋಸಗಾರರಲ್ಲ. ಅವರನ್ನು ಮೋಸಗಾರರೆಂದು ಬರೆದವಳು ನಾನು. ಬರೆದದ್ದು ತಪ್ಪೆಂದು ಗೊತ್ತಾದ ಮೇಲೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ಮೊದಲನೆಯದನ್ನು ಅಜಾಗರೂಕತೆ ಎನ್ನಬಹುದೇನೋ — ಎರಡನೆಯದಕ್ಕೆ ಹಾಗೆ ಮೆತ್ತಗಿನ ಹೆಸರು ಯಾವುದೂ ಸಿಗುತ್ತಿಲ್ಲ.

ನಾನು ಮೈಸೂರಿನವಳು, ಎಲೆಕ್ಟ್ರಿಕಲ್ ಇಂಜಿನಿಯರ್. ಕುವೈತಿಗೆ ಬಂದು ಹನ್ನೊಂದು ವರ್ಷವಾಯಿತು. ಅರ್ದಿಯಾದ ಒಂದು ಗೋದಾಮಿನಲ್ಲಿ ನಮ್ಮ ಕಂಪನಿಯ ಟೆಸ್ಟಿಂಗ್ ಕೋಣೆ ಇದೆ. ಕ್ಲಿನಿಕ್‌ಗಳಲ್ಲಿ ಕರೆಂಟು ಹೋದಾಗ ಔಷಧಿಯ ಫ್ರಿಜ್ ನಿಲ್ಲದಿರಲೆಂದು ನಾವು ಬ್ಯಾಟರಿ ಕೂರಿಸಿಕೊಡುತ್ತೇವೆ. ಎಲೆಕ್ಟ್ರಿಕ್ ಕಾರಿನ ಲಿಥಿಯಂ ಸೆಲ್‌ಗಳನ್ನು ಸಾಲಾಗಿ ಜೋಡಿಸಿ, ಪೆಟ್ಟಿಗೆಗೆ ಹಾಕಿ, ಸಿದ್ಧ ಪ್ಯಾಕ್ ಎಂದು ಮಾರುವವರು ಇಲ್ಲಿ ಬೇಕಾದಷ್ಟು ಜನ. ಪೆಟ್ಟಿಗೆಯ ಮೇಲೆ ಅವರು ಏನು ಬೇಕಾದರೂ ಬರೆಯುತ್ತಾರೆ. ಒಳಗೆ ನಿಜವಾಗಿ ಏನಿದೆ ಎಂದು ಹೇಳುವುದು ನನ್ನ ಕೆಲಸ.

ಆ ಕೆಲಸ ನನ್ನನ್ನು ಅನುಮಾನದವಳನ್ನಾಗಿ ಮಾಡಿತು. ಒಂದು ಪ್ಯಾಕ್ ಬಿಚ್ಚಿದಾಗ ಅರ್ಧದಷ್ಟು ಸೆಲ್ ಇದ್ದು, ಉಳಿದ ಜಾಗಕ್ಕೆ ತೂಕ ಬರಲೆಂದು ಟೈಲ್ಸ್ ತುಂಡು ತುಂಬಿದ್ದರು. ಇನ್ನೊಂದರಲ್ಲಿ ಉಬ್ಬಿದ ಹಳೆಯ ಸೆಲ್‌ಗಳಿಗೆ ಹೊಸ ನೀಲಿ ಹೊದಿಕೆ ಹಾಕಿದ್ದರು. ಇಂಥದ್ದನ್ನು ನೋಡಿ ನೋಡಿ, ಯಾರಾದರೂ ನಗುತ್ತಾ ಒಳಗೆ ಬಂದರೆ ನಾನು ಮೊದಲು ಪೆಟ್ಟಿಗೆಯ ಸ್ಕ್ರೂ ನೋಡುತ್ತಿದ್ದೆ — ಎಷ್ಟು ಸಲ ಬಿಚ್ಚಿದ್ದಾರೆ ಎಂದು.

ಸಿಲ್ವೆಸ್ಟರ್ ಕೂಡ ನಗುತ್ತಲೇ ಬಂದರು. ಕಾರ್ಕಳದ ಹತ್ತಿರದವರು, ಶುವೈಖ್‌ನ ಒಂದು ಗ್ಯಾರೇಜಿನಲ್ಲಿ ಎಲೆಕ್ಟ್ರಿಷಿಯನ್. ಐವತ್ತರ ಆಸುಪಾಸಿನ ವಯಸ್ಸು. ನಾನು ಕನ್ನಡದವಳೆಂದು ತಿಳಿದು ಅವರಿಗೆ ಖುಷಿಯಾಗಿತ್ತು. ನನಗೆ ಆ ಖುಷಿಯ ಮೇಲೂ ಅನುಮಾನ. ನಮ್ಮೂರಿನವರೆಂದು ಸಡಿಲ ಬಿಡಲಿ ಅಂತ ಬಂದಿದ್ದಾರೆ ಎಂದುಕೊಂಡೆ.

ಮೂರು ಪ್ಯಾಕ್ ತಂದಿದ್ದರು. ಮೇಜಿನ ಮೇಲೆ ಇಟ್ಟು, ನಾನು ಕೇಳುವ ಮೊದಲೇ ಹೇಳಿದರು. "ಇದು ಕಾರಿಂದ ತೆಗೆದ ಸೆಲ್ಲೇ ಮೇಡಂ, ಅಡಗಿಸುವುದು ಎಂತದೂ ಇಲ್ಲ. ಆದ್ರೆ ಆ ಕಾರು ಓಡಿದ್ದು ತುಂಬಾ ಕಮ್ಮಿ. ಎದುರಿಂದ ಲಾರಿ ಗುದ್ದಿ ಗುಜರಿಗೆ ಬಂದದ್ದು. ಸೆಲ್ಲಿಗೆ ಏನೂ ಆಗ್ಲಿಲ್ಲ."

ಪ್ಯಾಕ್ ಬಿಚ್ಚಿ ನೋಡಿದೆ. ಜೋಡಣೆ ಅಚ್ಚುಕಟ್ಟಾಗಿತ್ತು — ಅತಿಯಾಗಿ ಅಚ್ಚುಕಟ್ಟು ಅನ್ನಿಸಿತು. ಟರ್ಮಿನಲ್‌ಗಳ ಮೇಲೆ ಉಜ್ಜಿದ ಗೆರೆಗಳಿದ್ದವು.

"ಇಲ್ಲೆಲ್ಲಾ ಯಾಕೆ ಉಜ್ಜಿದ್ದೀರ?"

"ಪಟ್ಟಿ ಸರಿ ಕೂತ್ಕೊಳ್ಬೇಕಲ್ಲ ಮೇಡಂ. ಮೇಲಿನ ಪೊರೆ ತೆಗೀದಿದ್ರೆ ಬಿಸಿ ಆಗ್ತದೆ."

ಒಂದು ಸೆಲ್ಲಿನ ಕೋಡ್ ಅರ್ಧ ಅಳಿಸಿತ್ತು. ಅಂಟು ಕೆರೆಯುವಾಗ ಹೋಯಿತು ಎಂದರು. ಎಲ್ಲದಕ್ಕೂ ಅವರ ಬಳಿ ಉತ್ತರವಿತ್ತು. ಸರಿಯಾದ ಉತ್ತರ ಕೊಡುವವರನ್ನು ನಾನು ಆಗ ಇನ್ನೂ ಹೆಚ್ಚು ಶಂಕಿಸುತ್ತಿದ್ದೆ.

ಟೆಸ್ಟ್ ಸರಳ. ಪೂರ್ತಿ ಚಾರ್ಜ್ ಮಾಡಿದ ಪ್ಯಾಕಿನಿಂದ ದಪ್ಪ ತಂತಿಯ ಮೂಲಕ ಕರೆಂಟು ಎಳೆದು, ಬರಿದಾಗುವ ತನಕ ಎಷ್ಟು ಕೊಟ್ಟಿತೆಂದು ಯಂತ್ರ ಅಳೆಯುತ್ತದೆ. ಮೊದಲ ಪ್ಯಾಕ್ ಅವರು ಹೇಳಿದ್ದರ ಮುಕ್ಕಾಲು ಭಾಗವನ್ನೂ ಕೊಡಲಿಲ್ಲ. ಮಾರನೆಯ ದಿನ ಎರಡನೆಯದು, ಅದೂ ಅಷ್ಟೇ. ಮೂರನೆಯದನ್ನು ಹಾಕಿದ ದಿನ ಸಿಲ್ವೆಸ್ಟರ್ ಮತ್ತೆ ಬಂದರು. ಯಂತ್ರದ ಅಂಕಿ ನೋಡಿದರು, ಬಗ್ಗಿ ತಂತಿ ಮುಟ್ಟಿದರು, ಕೈ ಹಿಂದಕ್ಕೆ ಎಳೆದುಕೊಂಡರು.

"ಒಂದು ಸಲ ನನ್ನ ವಾಯರ್ ಹಾಕಿ ನೋಡ್ತೀರಾ ಮೇಡಂ? ನಿಮ್ಮದು ತುದಿಯಲ್ಲಿ ಸುಡ್ತಾ ಉಂಟು."

ಅವರ ಚೀಲದಲ್ಲಿ ತಂತಿ ಸಿದ್ಧವಾಗಿತ್ತು. ಅದೇ ನನ್ನನ್ನು ಕೆರಳಿಸಿತು. ತನ್ನ ತಂತಿಯನ್ನು ತಾನೇ ತರುವವನು ಏನೋ ಕೈಚಳಕ ಮಾಡಿಯೇ ತಂದಿರುತ್ತಾನೆ — ಹೀಗೆ ಯೋಚಿಸುತ್ತಿತ್ತು ನನ್ನ ತಲೆ. ತಂತಿಯಲ್ಲಿ ಎಂಥ ಕೈಚಳಕ ಸಾಧ್ಯ ಎಂದು ಒಂದು ಕ್ಷಣ, ಇಂಜಿನಿಯರ್ ಆಗಿ, ಒಂದೇ ಕ್ಷಣ ಯೋಚಿಸಿದ್ದರೆ...

"ನಿಮ್ಮ ವಾಯರ್ ನಿಮ್ಮ ಹತ್ರಾನೇ ಇರ್ಲಿ," ಅಂದೆ. "ನಿಮ್ಮಂಥೋರನ್ನ ನಾನು ತುಂಬಾ ನೋಡಿದ್ದೀನಿ."

ಅವರು ತಂತಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದರು.

ವರದಿಯಲ್ಲಿ ನಾನು 'ಪ್ಯಾಕ್ ತೇರ್ಗಡೆಯಾಗಿಲ್ಲ' ಎಂದಷ್ಟೇ ಬರೆಯಬಹುದಿತ್ತು. ನನ್ನ ಅಧಿಕಾರ ಅಷ್ಟೇ. ಆದರೆ ಇನ್ನೊಂದು ಸಾಲು ಸೇರಿಸಿದೆ: ಬಹಳ ಬಳಸಿದ ಸೆಲ್‌ಗಳನ್ನು ಗುರುತು ಅಳಿಸಿ, ಕಡಿಮೆ ಬಳಸಿದವೆಂದು ತೋರಿಸುವ ಉದ್ದೇಶಪೂರ್ವಕ ವಂಚನೆ. ಆ ಸಾಲು ಅವರ ಗ್ಯಾರೇಜಿಗೆ ತಲುಪಿತು. ಅವರ ಕಫೀಲ್‌ಗೆ, ಅಂದರೆ ವೀಸಾ ಕೊಟ್ಟ ಮಾಲೀಕನಿಗೆ, ನಮ್ಮ ಕಂಪನಿಯ ಜೊತೆ ಬೇರೆ ವ್ಯವಹಾರಗಳಿದ್ದವು. ಅವನು ವಿಚಾರಿಸಲು ಹೋಗಲಿಲ್ಲ. ಖಲಾಸ್. ಸಿಲ್ವೆಸ್ಟರ್ ಅವರಿಗೆ ಇಲ್ಲಿರಲು ಬೇಕಾದ ಇಕಾಮಾ ರದ್ದಾಗಿ, ತಿಂಗಳೊಳಗೆ ಅವರು ಊರಿಗೆ ಹೊರಟರು. ಹೆಂಡತಿ ಐರಿನ್ ಜಹ್ರಾದ ಕ್ಲಿನಿಕ್ ಒಂದರಲ್ಲಿ ನರ್ಸ್. ಅವಳ ಕೆಲಸ ಬಿಟ್ಟರೆ ಮನೆಗೆ ಬೇರೆ ಆಧಾರವಿಲ್ಲದ್ದರಿಂದ ಅವಳು ಇಲ್ಲೇ ಉಳಿದಳು. ನನ್ನನ್ನು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ ಮಾಡಿದರು. ವಂಚನೆ ಹಿಡಿದವಳಲ್ಲವೇ.

ಎರಡು ತಿಂಗಳ ನಂತರ ಕಾರ್ಖಾನೆಯಿಂದಲೇ ಬಂದ, ಸೀಲ್ ಒಡೆಯದ ಹೊಸ ಪ್ಯಾಕ್ ಒಂದನ್ನು ಟೆಸ್ಟಿಗೆ ಹಾಕಿದೆ. ಅದೂ ಮುಕ್ಕಾಲು ಭಾಗವನ್ನೂ ಕೊಡಲಿಲ್ಲ.

ಆಗ ತಂತಿ ಮುಟ್ಟಿ ನೋಡಿದೆ. ಸುಡುತ್ತಿತ್ತು. ತುದಿಯಲ್ಲಿ ಒತ್ತಿ ಕೂರಿಸಿದ ತಾಮ್ರದ ಹಿಡಿ, ಹೊದಿಕೆಯ ಒಳಗೇ ಸಡಿಲವಾಗಿ ಕಪ್ಪಾಗಿತ್ತು. ಕರೆಂಟಿನ ಒತ್ತಡ ಅಲ್ಲಿಯೇ ಸೋರಿ ಹೋಗಿ, ಬ್ಯಾಟರಿ ಬರಿದಾಯಿತೆಂದು ಯಂತ್ರ ಮೊದಲೇ ನಿಲ್ಲಿಸಿಬಿಡುತ್ತಿತ್ತು. ತಪ್ಪು ಪ್ಯಾಕಿನದಲ್ಲ, ನನ್ನ ತಂತಿಯದು. ಸಿಲ್ವೆಸ್ಟರ್ ಅವರ ಮೂರು ಪ್ಯಾಕ್‌ಗಳು ಇನ್ನೂ ಮೂಲೆಯಲ್ಲೇ ಬಿದ್ದಿದ್ದವು. ತಂತಿ ಬದಲಾಯಿಸಿ ಒಂದೊಂದನ್ನೇ ಹಾಕಿದೆ. ಒಂದನೆಯದು ಅವರು ಹೇಳಿದಷ್ಟು ಕೊಟ್ಟಿತು. ಎರಡನೆಯದೂ. ಮೂರನೆಯದು ಹೇಳಿದ್ದಕ್ಕಿಂತ ತುಸು ಹೆಚ್ಚೇ ಕೊಟ್ಟಿತು.

ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಆ ಅಂಕಿಗಳನ್ನು ಅಳಿಸಿದೆ. ಹಳೆಯ ತಂತಿಯನ್ನು ಹೊರಗಿನ ಕಸದ ಡಬ್ಬಕ್ಕೆ ಎಸೆದು ಬಂದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಷ್ಟೇ ಆಗಿದ್ದರೆ... ಇಲ್ಲ, ಇಷ್ಟೇ ಆಗಿರಲಿಲ್ಲ. ಆ ಚಳಿಗಾಲದಲ್ಲಿ ಕ್ಲಿನಿಕ್‌ನ ಬ್ಯಾಟರಿ ನೋಡಲು ಜಹ್ರಾಕ್ಕೆ ಹೋಗಿದ್ದೆ. ಕನ್ನಡದವರ ಕೂಟದಲ್ಲಿ ನನ್ನನ್ನು ನೋಡಿದ್ದ ಐರಿನ್ ಗುರುತು ಹಿಡಿದಳು. ಜಗಳಕ್ಕೆ ಬರುತ್ತಾಳೆಂದುಕೊಂಡೆ. ಅವಳು ಔಷಧಿಯ ಕೋಣೆಯ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದಳು.

"ಮೇಡಂ, ನೀವೇ ನೋಡಿದ್ದಲ್ವಾ. ನನಗೆ ಮಾತ್ರ ಹೇಳಿ. ಅವ್ರು ಹಳೆ ಸೆಲ್ ಹಾಕಿದ್ದು ಹೌದಾ? ನನ್ನ ಹತ್ರ ಹಾಕ್ಲಿಲ್ಲ ಅಂತಾರೆ. ನಂಬುವುದಾ ಬಿಡುವುದಾ ಗೊತ್ತಾಗುವುದಿಲ್ಲ."

ನಾನು ಏನು ಹೇಳಿದೆ ಗೊತ್ತೆ? "ಮೆಷಿನ್ ತೋರಿಸಿದ್ದನ್ನ ಬರೆದೆ, ಐರಿನ್." ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಷ್ಟು ಎಚ್ಚರಿಕೆಯಿಂದ ಆರಿಸಿದ ಮಾತು ಅದು. ಅವಳು ತಲೆಯಾಡಿಸಿ ಕೆಲಸಕ್ಕೆ ಹೋದಳು. ನನ್ನ ಅನುಮಾನವನ್ನು ನಾನು ಅವಳ ಕೈಗೆ ದಾಟಿಸಿದ್ದೆ — ನನ್ನ ಬಳಿ ಅದು ಸುಳ್ಳೆಂದು ಸಾಬೀತಾದ ಮೇಲೆ.

ಅಲ್ಲಿಂದ ಮೂರೂವರೆ ವರ್ಷ ನಾನು ಅವಳ ಕಣ್ಣು ತಪ್ಪಿಸಿದೆ. ಎಲ್ಲರನ್ನೂ ಅನುಮಾನಿಸುತ್ತಿದ್ದವಳು ಈಗ ಎಲ್ಲರೂ ನನ್ನನ್ನೇ ಅನುಮಾನಿಸುತ್ತಿದ್ದಾರೆಂದು ಬೆದರುತ್ತಿದ್ದೆ. ಮ್ಯಾನೇಜರ್ ಹಳೆಯ ಕಡತ ಕೇಳಿದರೆ ಮೊದಲು ಅದರ ತಾರೀಖು ನೋಡುತ್ತಿದ್ದೆ.

ಹೋದ ತಿಂಗಳು ನಮ್ಮ ಕನ್ನಡದವರ ಕೂಟದಲ್ಲಿ ಒಬ್ಬರು ನನ್ನನ್ನು ಹೊಸಬರಿಗೆ ಪರಿಚಯಿಸಿದರು. "ಇವರ ಕಣ್ಣು ತಪ್ಸೋಕೆ ಆಗಲ್ಲ ಸ್ವಾಮಿ. ಆ ಗ್ಯಾರೇಜಿನ ಸಿಲ್ವೆಸ್ಟರ್ ಇದ್ನಲ್ಲ, ಕಳ್ಳ, ಅವನನ್ನ ಹಿಡಿದೋರು ಇವರೇ."

ಐರಿನ್ ಪಕ್ಕದ ಮೇಜಿನಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ತಲೆ ತಗ್ಗಿಸಿದಳು. ಕಳ್ಳನ ಹೆಂಡತಿ ತಲೆ ತಗ್ಗಿಸುವ ಹಾಗೆ.

ಮಾರನೆಯ ದಿನ ಮಧ್ಯಾಹ್ನ ಜಹ್ರಾಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಸುಟ್ಟ ತಂತಿ, ಅಳಿಸಿದ ಅಂಕಿ, ಅವಳಿಗೆ ಕೊಟ್ಟ ಉತ್ತರ, ಯಾವುದನ್ನೂ ಬಿಡಲಿಲ್ಲ.

"ನಾಲ್ಕು ವರ್ಷ ಅವರು ಒಂದೇ ಮಾತು ಹೇಳಿದ್ರು," ಎಂದಳು ಐರಿನ್. "ನಾನು ಹೂಂ ಹೂಂ ಅಂತಿದ್ದೆ. ನಂಬ್ಲಿಲ್ಲ. ಅವರಿಗದು ಗೊತ್ತುಂಟು." ಆಮೇಲೆ ಫೋನ್ ತೆಗೆದು ನಂಬರ್ ಒತ್ತಿ ನನ್ನ ಕಡೆ ಚಾಚಿದಳು. "ನನಗೆ ಹೇಳಿದ್ದು ಸಾಕು. ಅವರಿಗೆ ಹೇಳಿ."

ಆ ಕಡೆಯಿಂದ ಸಿಲ್ವೆಸ್ಟರ್ ಹಲೋ ಎಂದರು. ನನ್ನ ಹೆಸರು ಹೇಳಿದೆ. ಎಲ್ಲವನ್ನೂ ಹೇಳಿ ಮುಗಿಸಿದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಕೇಳಿದ್ದು ಒಂದೇ.

"ಐರಿನ್ ಅಲ್ಲೇ ಉಂಟಾ? ಇದೆಲ್ಲ ಅವಳಿಗೆ ಕೇಳಿತಾ?"

ಕೇಳಿತು ಎಂದೆ. ಫೋನ್ ಅವಳಿಗೆ ಕೊಡಿ ಎಂದರು. ಕೊಟ್ಟು ಹೊರಗೆ ಬಂದೆ.

ಕ್ಷಮಿಸಿ ಎಂದು ನಾನು ಕೇಳಲಿಲ್ಲ, ಅವರೂ ಆ ಮಾತು ಎತ್ತಲಿಲ್ಲ. ಹಳೆಯ ವರದಿ ಸುಳ್ಳೆಂದೂ, ಅದನ್ನು ತಿಳಿದೇ ಮುಚ್ಚಿಟ್ಟೆನೆಂದೂ ಬರೆದು, ಸಹಿ ಹಾಕಿ, ಕಂಪನಿಗೂ ಅವರ ಹಿಂದಿನ ಕಫೀಲ್‌ಗೂ ಕೊಟ್ಟಿದ್ದೇನೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ತಿಳಿದಿಲ್ಲ. ಮುಂದಿನ ಶುಕ್ರವಾರ ಮತ್ತೆ ಕೂಟವಿದೆ. ಅಲ್ಲಿ ಎದ್ದು ನಿಂತು, ಎಲ್ಲರೂ ಕೂತಿರುವಾಗ, ಐರಿನ್ ಕೂತಿರುವಾಗ, ಈ ಬರಹದ ಮೊದಲ ಸಾಲನ್ನು ಗಟ್ಟಿಯಾಗಿ ಹೇಳುತ್ತೇನೆ.