ನಾಲ್ಕು ಹುರುಪೆಗಳ ಬೆನ್ನು ಹತ್ತಿ ಅಲಿಪುರಕ್ಕೆ

ಹೌರಾ ನಿಲ್ದಾಣದಲ್ಲಿ ಇಳಿದಾಗ ರೈಲು ಮೂರು ಗಂಟೆ ತಡವಾಗಿತ್ತು. ಬೆಂಗಳೂರಿನಲ್ಲಿ ನನ್ನ ಜೊತೆ ಹತ್ತಿದ್ದ ಕಳವಳ ಮಾತ್ರ ಸರಿಯಾದ ಸಮಯಕ್ಕೇ ತಲುಪಿ ಕಾಯುತ್ತಿತ್ತು.

ನಾನು ಕೋಲ್ಕತ್ತಕ್ಕೆ ಬಂದದ್ದು ಊರು ನೋಡಲಿಕ್ಕಲ್ಲ, ಬಾಟಲಿಯೊಳಗಿನ ಹಾವುಗಳನ್ನು ನೋಡಲಿಕ್ಕೆ. ಪಶ್ಚಿಮ ಘಟ್ಟದ ಎರಡು ಬೆಟ್ಟಗಳ ನೆತ್ತಿಯಲ್ಲಿ, ಮಣ್ಣಿನೊಳಗೆ ಬದುಕುವ ಒಂದು ಸಣ್ಣ ಹಾವು ನನ್ನ ಪಿಎಚ್‌ಡಿಯ ವಿಷಯ. ಗೇಣುದ್ದ ಇರುತ್ತದೆ, ಯಾರನ್ನೂ ಕಚ್ಚುವುದಿಲ್ಲ, ಬಾಲದ ತುದಿ ಗುರಾಣಿಯಂತೆ ಚಪ್ಪಟೆ. ನಡುವಿನ ಬಿಸಿ ಕಣಿವೆಯನ್ನು ಅದು ದಾಟಲಾರದು; ಹಾಗಾಗಿ ಒಂದು ಬೆಟ್ಟದ ಹಾವು ಇನ್ನೊಂದು ಬೆಟ್ಟದ ಹಾವನ್ನು ಸೇರುವುದೇ ಇಲ್ಲ. ಉತ್ತರದ ಬೆಟ್ಟದ ಹಾವಿಗೆ ಹೊಟ್ಟೆಯಡಿಯ ಹುರುಪೆಗಳು ದಕ್ಷಿಣದ್ದಕ್ಕಿಂತ ನಾಲ್ಕು ಹೆಚ್ಚು. ಅಂದರೆ ಇವು ಎರಡು ಬೇರೆ ಬೇರೆ ಜಾತಿಯ ಹಾವುಗಳು; ಐದು ವರ್ಷ ಮಣ್ಣು ಕೆದಕಿ ನಾನು ಕಂಡುಹಿಡಿದದ್ದು ಇಷ್ಟೇ.

“ಆ ನಾಲ್ಕು ಹುರುಪೆನೇ ನಿನ್ನ ಥೀಸಿಸ್ಸು ಕಣಮ್ಮ,” ಎನ್ನುತ್ತಿದ್ದರು ನನ್ನ ಗೈಡ್. ಫೆಲೋಶಿಪ್ ಮಾರ್ಚ್‌ಗೆ ಮುಗಿಯುತ್ತಿತ್ತು. ಅದೇ ಬೆಟ್ಟಗಳಿಂದ ಹಿಂದೆ ಯಾರೋ ಹಿಡಿದು ತಂದ ಆರು ಹಾವುಗಳು ಕೋಲ್ಕತ್ತದ ಅಲಿಪುರದಲ್ಲಿನ ಒಂದು ಪ್ರಾಣಿ ಸಂಗ್ರಹದಲ್ಲಿದ್ದವು. ಅವನ್ನೂ ಎಣಿಸಿಬಿಟ್ಟರೆ ಪರೀಕ್ಷಕರು ಬಾಯಿ ತೆರೆಯುವ ಹಾಗಿಲ್ಲ ಎಂದು ಅವರೇ ನನ್ನನ್ನು ಕಳಿಸಿದ್ದರು.

ಉಳಿದುಕೊಂಡದ್ದು ಸದರ್ನ್ ಅವೆನ್ಯೂನಲ್ಲಿ, ಗೆಳತಿಯ ಅಕ್ಕ ವಿಜಯಕ್ಕನ ಮನೆಯಲ್ಲಿ. ಅವರು ಧಾರವಾಡದವರು, ಇಲ್ಲಿ ರೈಲ್ವೆ ಕಚೇರಿಯಲ್ಲಿ ನೌಕರಿ. “ಬಾರವಾ, ಮಾರಿ ಎಷ್ಟ್ ಸಣ್ಣಾಗೇತಿ! ಮೊದ್ಲ ಉಣ್ಣು, ಆಮ್ಯಾಲ ನಿನ್ನ ಹಾವಿನ ಪುರಾಣ,” ಎಂದು ಜೋಳದ ರೊಟ್ಟಿ, ಎಣಗಾಯಿ ಬಡಿಸಿ, ಪಕ್ಕಕ್ಕೆ ಮಣ್ಣಿನ ಕುಡಿಕೆಯಲ್ಲಿ ಮಿಷ್ಟಿ ದೊಯಿ ಎಂಬ ಸಿಹಿ ಮೊಸರು ಇಟ್ಟರು. ಹತ್ತು ವರ್ಷದ ಮಗಳು ತನು ನನ್ನನ್ನೇ ನೋಡುತ್ತಿದ್ದಳು.

“ಆಂಟಿ, ಎರಡು ಹಾವು ಅಲಗ್ ಅಂತ ಹೇಗೆ ಪತಾ ಚಲ್ತಾ?”

“ಎಣಿಸಿ.”

“ಬಸ್? ಓನ್ಲಿ ಕೌಂಟಿಂಗ್?” ಅವಳಿಗೆ ನಿರಾಸೆಯಾಯಿತು. ನಾನು ನಕ್ಕೆ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಅಲಿಪುರಕ್ಕೆ ಹೋದೆ. ಫೆಬ್ರವರಿಯ ಬಿಸಿಲು ಹಿತವಾಗಿತ್ತು. ಸಂಗ್ರಹವನ್ನು ನೋಡಿಕೊಳ್ಳುವ ಶುಭ್ರಾದಿ ಅರವತ್ತರ ಹತ್ತಿರದ, ಸಣ್ಣ ದನಿಯ ಹೆಂಗಸು. ನಮ್ಮ ಮಾತೆಲ್ಲ ಇಂಗ್ಲಿಷು, ಹಿಂದಿಯಲ್ಲಿ ನಡೆಯಿತು. ಸ್ಪಿರಿಟ್ ವಾಸನೆಯ ಕೋಣೆಯಲ್ಲಿ ಭೂತಗನ್ನಡಿ, ಸೂಜಿ ಕೊಟ್ಟು ಕೂರಿಸಿದರು. ಮೊದಲು ದಕ್ಷಿಣದ ಮೂರು ಹಾವು ಎಣಿಸಿದೆ. ನಮ್ಮ ಲೆಕ್ಕಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಖುಷಿಯಲ್ಲಿ ಎರಡು ಸಿಂಗಾಡ, ಅಂದರೆ ಇಲ್ಲಿನ ಸಮೋಸ, ತಿಂದು ಬಂದೆ.

ಊಟದ ನಂತರ ಉತ್ತರದ ಬೆಟ್ಟದ ಮೊದಲ ಹಾವು. ನೂರ ಐವತ್ತು ಬರಬೇಕಿತ್ತು, ನೂರ ನಲವತ್ತಾರು ಬಂತು. ಮತ್ತೆ ಎಣಿಸಿದೆ. ಮೂರನೆಯ ಸಲವೂ ಅಷ್ಟೇ ಬಂತು. ಇದು ದಕ್ಷಿಣದ ಹಾವಿನ ಸಂಖ್ಯೆಯಾಗಿತ್ತು.

ಶುಭ್ರಾದಿ ಬಂದು ಪಕ್ಕದಲ್ಲಿ ನಿಂತರು. “ನೀನು ಎಲ್ಲಿಂದ ಶುರು ಮಾಡುತ್ತೀ?”

ಈ ಹಾವಿನಲ್ಲಿ ಹೊಟ್ಟೆಯ ಹುರುಪೆ ಪಕ್ಕದವಕ್ಕಿಂತ ತುಸುವೇ ಅಗಲ. ಕತ್ತು ಎಲ್ಲಿ ಮುಗಿಯಿತು, ಹೊಟ್ಟೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಪಕ್ಕದ ಸಾಲಿಗೆ ತಾಗುವ ಮೊದಲ ಹುರುಪೆಯನ್ನು ತೋರಿಸಿದೆ. ಅವರು ಇನ್ನೊಂದು ಹಾವನ್ನು ಎತ್ತಿ ಬೆಳಕಿಗೆ ಹಿಡಿದರು. ಗದ್ದದ ಕೆಳಗೆ ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿಕೊಂಡಿತ್ತು. “ಇದು ಹಿಂದೆ ಎಣಿಸಿದವರು ಬಿಟ್ಟು ಹೋದ ಗುರುತು. ನಿನಗಿಂತ ನಾಲ್ಕು ಹುರುಪೆ ಮುಂಚೆಯೇ ಶುರು ಮಾಡಿದ್ದಾರೆ, ನೋಡು.”

ಉತ್ತರದ ಬೆಟ್ಟದಲ್ಲಿ ಎಣಿಸಿದ್ದು ನಾನಲ್ಲ. ಆಗ ನಾನು ಹೊಸಬಳು. ಸೀನಿಯರ್ ಪ್ರಸನ್ನ ಹಾವು ಹಿಡಿದು ಗಟ್ಟಿಯಾಗಿ ಎಣಿಸುತ್ತಿದ್ದ, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅವನು ಕೆಲಸ ಸಿಕ್ಕಿ ಹೋದ ಮೇಲೆ ದಕ್ಷಿಣದ ಬೆಟ್ಟವನ್ನು ನಾನೊಬ್ಬಳೇ ಎಣಿಸಿದೆ. ಎಲ್ಲಿಂದ ಎಣಿಸುತ್ತೀಯ ಎಂದು ಅವನನ್ನು ಒಂದು ದಿನವೂ ಕೇಳಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಕೂತು ಅವನಿಗೆ ಫೋನ್ ಮಾಡಿದೆ.

“ಗದ್ದದ ಕೆಳಗಿನ ಮೊದಲನೇದ್ರಿಂದ ಕಣೇ. ಇನ್ನೆಲ್ಲಿಂದ ಎಣಿಸ್ತಾರೆ? ಯಾಕೆ, ಏನಾಯ್ತು?”

“ಏನಿಲ್ಲ ಬಿಡು,” ಎಂದೆ. ನಾಲ್ಕು ಹುರುಪೆಗಳ ವ್ಯತ್ಯಾಸ ಹಾವಿನದ್ದಲ್ಲ, ನಮ್ಮಿಬ್ಬರ ಎಣಿಕೆಯದ್ದು.

ತಲೆಯೆತ್ತಿದಾಗ ಬಸ್ಸು ಅಲಿಪುರ ದಾಟಿ ಖಿದಿರ್‌ಪುರಕ್ಕೆ ಬಂದಿತ್ತು. ಲಾರಿಗಳ ಸಾಲು, ಹಿಂದೆ ಬಂದರಿನ ಕ್ರೇನುಗಳು. ಇಳಿದು ವಾಪಸ್ಸು ನಡೆಯುತ್ತಾ ನಾನು ಯೋಚಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬೆಟ್ಟದ ಹಾವುಗಳನ್ನು ಎಣಿಸಿದ ದಿನವೇ ಮಣ್ಣಿಗೆ ಬಿಟ್ಟಿದ್ದೆವು. ಅವನ್ನು ಯಾರೂ ಮತ್ತೆ ಎಣಿಸಲಾರರು. ಇಲ್ಲಿನ ಮಾದರಿಗಳು ಕೆಟ್ಟುಹೋಗಿವೆ ಎಂದರೆ ಮುಗಿಯಿತು. ಆ ವಾಕ್ಯವನ್ನು ಅಲ್ಪವಿರಾಮದ ಸಮೇತ ಜೋಡಿಸಿಕೊಂಡೇ ಕೋಣೆಯೊಳಗೆ ಹೋದೆ.

ಉಳಿದ ಎರಡು ಹಾವು ಎಣಿಸಿದೆ. ಅವೂ ದಕ್ಷಿಣದವುಗಳಂತೆಯೇ ಇದ್ದವು. ಶುಭ್ರಾದಿ ಒಂದು ದಪ್ಪ ಕಾಗದದ ಚೀಟಿ, ಪೆನ್ಸಿಲ್ ಮುಂದಿಟ್ಟರು. ಎಣಿಸಿದವರು ಸಂಖ್ಯೆ, ಶುರು ಮಾಡಿದ ಜಾಗ, ಹೆಸರು ಬರೆದು ಬಾಟಲಿಯೊಳಗೇ ಹಾಕುವುದು ಅಲ್ಲಿನ ಪದ್ಧತಿ. ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಪೆನ್ಸಿಲ್ ಉಳಿಯುತ್ತದೆ ಎಂದು ಗೈಡ್ ಮೊದಲ ವರ್ಷವೇ ಹೇಳಿಕೊಟ್ಟಿದ್ದರು.

“ಬರೆಯದೆ ಹೋಗುವವರೂ ಇದ್ದಾರೆ,” ಎಂದರು, ನನ್ನ ಕಡೆ ನೋಡದೆ.

ಜೋಡಿಸಿಟ್ಟಿದ್ದ ವಾಕ್ಯವನ್ನು ಬಿಟ್ಟು ಪೆನ್ಸಿಲ್ ಎತ್ತಿಕೊಂಡೆ. ಆಮೇಲೆ ಬರೆದೆ. ಕೊನೆಗೆ, ‘ಉತ್ತರದ ಬೆಟ್ಟದ ನಮ್ಮ ಎಣಿಕೆ ಗದ್ದದಿಂದ ಆದದ್ದು, ದಕ್ಷಿಣದ್ದು ಹಾಗಲ್ಲ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದೆ. ಚೀಟಿ ಹಾವಿನ ಪಕ್ಕ ನಿಧಾನವಾಗಿ ಇಳಿದು ತಳದಲ್ಲಿ ಕೂತಿತು. ಶುಭ್ರಾದಿ ಮುಚ್ಚಳ ಬಿಗಿದು ಬಾಟಲಿಯನ್ನು ಕಪಾಟಿಗೆ ಸೇರಿಸಿದರು.

ಮರುದಿನ ಹೊರಡುವಾಗ ತನು ಬಾಗಿಲಿಗೆ ಬಂದಳು. “ಆಂಟಿ, ಅಲಗ್ ನಿಕ್ಲಾ ಕ್ಯಾ?”

“ಇಲ್ಲ ಪುಟ್ಟಿ, ಎರಡೂ ಒಂದೇ ಥರ.”

“ಅಳಬ್ಯಾಡವಾ,” ಎಂದು ವಿಜಯಕ್ಕ ರೊಟ್ಟಿಯ ಗಂಟು ಕೈಗಿಟ್ಟರು. ಅಳುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ.

ರೈಲು ಹೌರಾ ಬಿಟ್ಟ ಮೇಲೆ ಗೈಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಬೇರೆ ಯಾರಿಗಾದ್ರೂ ಗೊತ್ತಾ?” ಎಂದು ಕೇಳಿದರು.

“ಚೀಟಿ ಬರೆದು ಬಾಟಲೀಲಿ ಹಾಕಿದೀನಿ ಸರ್.”

“ಪೆನ್ಸಿಲ್ಲಲ್ಲಿ ಬರೆದ್ಯಾ?”

“ಪೆನ್ಸಿಲ್ಲಲ್ಲೇ ಸರ್. ನೀವೇ ಹೇಳಿಕೊಟ್ಟ ಹಾಗೆ.”